ದೈತ್ಯ ಕುಂಬಳಕಾಯಿಯ ವಯಸ್ಸು ಯಾವತ್ತಿನಿಂದ ಎಣಿಸಬೇಕು? ದಿನಾ 3 ಇಂಚೇ ಬೆಳೀತಿದೆ, ಸಾಕಾ?

ಹಿತ್ತಲ_ಬಳ್ಳಿ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಅಕ್ಟೋಬರ್ ಬಂದರೆ ಕುಂಬಳಕಾಯಿ ತೂಗುವುದೇ ಒಂದು ಜಾತ್ರೆ. ಹೋದ ವರ್ಷ ನೋಡಿ ಬಂದ ಮೇಲೆ ನನಗೂ ಆಸೆಯಾಗಿ, ಈ ಸಲ ಅಟ್ಲಾಂಟಿಕ್ ಜೈಂಟ್ ಬೀಜ ತಂದು ಏಪ್ರಿಲ್ 26ಕ್ಕೆ ಕುಂಡದಲ್ಲಿ ಹಾಕಿದೆ. ಮೇ ತಿಂಗಳಲ್ಲಿ ಹಿತ್ತಲಿಗೆ ನೆಟ್ಟೆ. ಬಳ್ಳಿ ಈಗ ಹಿತ್ತಲೆಲ್ಲ ಹಬ್ಬಿದೆ. ಒಂದೇ ಕಾಯಿ ಉಳಿಸಿಕೊಂಡು ಮಿಕ್ಕ ಹೀಚುಗಳನ್ನು ತೆಗೆದಿದ್ದೇನೆ.

ಇವತ್ತು ಜುಲೈ 24, ಅಂದರೆ 89 ದಿನ ಆಯಿತು ಅಂತ ನನ್ನ ಲೆಕ್ಕ. ಆದರೆ ಇಲ್ಲಿ ಬೆಳೆಯುವವರೊಬ್ಬರು ನೋಡಿ "ಇದು ಇನ್ನೂ ಮೂರು ವಾರದ ಕೂಸು" ಅಂದರು. ಯಾವುದು ಸರಿ?

ಇನ್ನೊಂದು ಚಿಂತೆ. ಸುತ್ತಳತೆ ದಿನಾ ಬರೆದಿಡುತ್ತಿದ್ದೇನೆ. 46, 49, 52, ನಿನ್ನೆ 55 ಇಂಚು. ದಿನಾ ಸರಿಯಾಗಿ 3 ಇಂಚು, ಅದಕ್ಕಿಂತ ಜಾಸ್ತಿ ಹೋಗುತ್ತಲೇ ಇಲ್ಲ. ಬೆಳವಣಿಗೆ ನಿಂತ ಹಾಗೆ ಅಲ್ವಾ? ಗೊಬ್ಬರ ಜಾಸ್ತಿ ಮಾಡಲಾ?

ಕೆಂಪುಮಣ್ಣು:
ಗೊಬ್ಬರ ಜಾಸ್ತಿ ಮಾಡಬೇಡಿ. ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ.

ಬಳ್ಳಿಯ ವಯಸ್ಸು ಬೇರೆ, ಕಾಯಿಯ ವಯಸ್ಸು ಬೇರೆ. ಈ ಬೆಳೆಯಲ್ಲಿ ಎಲ್ಲರೂ ಎಣಿಸುವುದು ಹೆಣ್ಣು ಹೂವಿಗೆ ಪರಾಗ ತಾಗಿದ ದಿನದಿಂದ. ಅವತ್ತು ಸೊನ್ನೆ, ಮರುದಿನ ಒಂದು. ಅದಕ್ಕೇ ಅವರು ಹೂವನ್ನು ಜೇನಿಗೆ ಬಿಡದೆ, ಹಿಂದಿನ ಸಂಜೆಯೇ ಮೊಗ್ಗಿಗೆ ಬಟ್ಟೆ ಕಟ್ಟಿ, ಬೆಳಿಗ್ಗೆ ಹೂವು ಅರಳಿದ ಹೊತ್ತಿಗೆ ಗಂಡು ಹೂವಿನ ಎಸಳು ಕಿತ್ತು ಒಳಗಿನ ಕೇಸರವನ್ನು ಹೆಣ್ಣು ಹೂವಿಗೆ ತಾವೇ ಸವರುತ್ತಾರೆ. ಆಗ ತಾರೀಖೂ ಗೊತ್ತಿರುತ್ತದೆ, ಅಪ್ಪ ಯಾವ ಗಿಡ ಅಂತಲೂ ಗೊತ್ತಿರುತ್ತದೆ. ನೀವು ಯಾವತ್ತು ಮಾಡಿದಿರಿ?

ಇನ್ನು 3 ಇಂಚಿನ ಮಾತು. ಇಲ್ಲೇ ನೀವು ಮೋಸ ಹೋಗಿರುವುದು. ನಿಮ್ಮ ಟೇಪು ಅಳೆಯುವುದು ಬರೀ ಉದ್ದ, ಆದರೆ ಕಾಯಿ ಉಬ್ಬುತ್ತಿರುವುದು ಎಲ್ಲ ಕಡೆಗೆ. ಸುತ್ತಳತೆ ನೂರಕ್ಕೆ ಹತ್ತು ಹೆಚ್ಚಿದರೆ ತೂಕ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೆಚ್ಚುತ್ತದೆ. 46ರಿಂದ 55ಕ್ಕೆ ಬಂದಿದೆ ಅಂದರೆ ಆಕಾರ ಹಾಗೇ ಇದ್ದರೆ ಮೂರೇ ದಿನದಲ್ಲಿ ತೂಕ ನೂರಕ್ಕೆ 70ರಷ್ಟು ಜಾಸ್ತಿಯಾಗಿದೆ! ನಿಂತಿಲ್ಲ, ಓಡುತ್ತಿದೆ. ಇವತ್ತಿನ 3 ಇಂಚು ಮೊನ್ನೆಯ 3 ಇಂಚಿಗಿಂತ ಭಾರ.

ಇವತ್ತಿನಿಂದ ಮೂರು ಅಳತೆ ತಗೊಳ್ಳಿ. ಒಂದು, ತೊಟ್ಟಿನ ಎತ್ತರದಲ್ಲಿ ನೆಲಕ್ಕೆ ಸಮನಾಗಿ ಇಡೀ ಸುತ್ತು. ಎರಡನೆಯದು ತೊಟ್ಟಿನ ಕಡೆಯ ನೆಲದಿಂದ ಕಾಯಿಯ ಮೇಲೆ ಹಾದು ಹೂವು ಉದುರಿದ ತುದಿಯ ಕಡೆಯ ನೆಲದವರೆಗೆ. ಮೂರನೆಯದು ಅಡ್ಡಕ್ಕೆ, ಈ ಪಕ್ಕದ ನೆಲದಿಂದ ಆ ಪಕ್ಕದ ನೆಲಕ್ಕೆ. ಟೇಪನ್ನು ಕಾಯಿಯ ಹೊಟ್ಟೆಯ ಕೆಳಗೆ ಒಳಕ್ಕೆ ಎಳೆಯಬೇಡಿ, ನೇರ ನೆಲಕ್ಕೆ ಇಳಿಬಿಡಿ. ಮೂರನ್ನೂ ಕೂಡಿಸಿ, ಬೆಳೆಗಾರರ ಕೋಷ್ಟಕದಲ್ಲಿ ನೋಡಿದರೆ ಅಂದಾಜು ತೂಕ ಸಿಗುತ್ತದೆ. ಅಂದಾಜು ಅಷ್ಟೇ, ಯಾಕೆಂದರೆ ಒಳಗಿನ ತಿರುಳಿನ ದಪ್ಪ ಟೇಪಿಗೆ ಕಾಣುವುದಿಲ್ಲ. ತಿರುಳು ದಪ್ಪ ಇದ್ದ ಕಾಯಿ ಕೋಷ್ಟಕ ಹೇಳಿದ್ದಕ್ಕಿಂತ ಭಾರ ತೂಗುತ್ತದೆ, ತೆಳುವಿದ್ದರೆ ಕಡಿಮೆ.

ಮತ್ತೆ ಒಂದು, ಬಟ್ಟೆ ಹೊಲಿಯುವ ಟೇಪು 60 ಇಂಚಿಗೆ ಮುಗಿದುಹೋಗುತ್ತದೆ. ನಿಮಗೆ ಉಳಿದಿರುವುದು ಒಂದೆರಡು ದಿನ. ಉದ್ದದ್ದು ತಂದಿಟ್ಟುಕೊಳ್ಳಿ.

ಹಿತ್ತಲ_ಬಳ್ಳಿ:
ಕೈಯಿಂದಲೇ ಪರಾಗ ಸವರಿದ್ದು, ಜುಲೈ 3. ಹಾಗಾದರೆ ಇವತ್ತು 21ನೇ ದಿನ. ಅವರು ಹೇಳಿದ್ದು ಸರಿ. ನಿಜಕ್ಕೂ ನಿರಾಳವಾಯಿತು!

ತೇಮ್ಸ್_ತೋಟ:
21ನೇ ದಿನ ಅಂದರೆ ಈಗ ನೀವು ದಿನಾ ಬಗ್ಗಿ ನೋಡಬೇಕಾದ ಸಮಯ. 20ರಿಂದ 40ನೇ ದಿನದ ನಡುವೆಯೇ ಕಾಯಿ ಅತಿ ಜೋರಾಗಿ ಬೆಳೆಯುವುದು. ದೊಡ್ಡ ಬೆಳೆಗಾರರ ಕಾಯಿ ಆ ಹೊತ್ತಿನಲ್ಲಿ ಒಂದೇ ದಿನಕ್ಕೆ 20 ಕಿಲೋ ಏರುವುದುಂಟು. 60 ದಾಟಿದ ಮೇಲೆ ವೇಗ ತುಂಬಾ ಇಳಿಯುತ್ತದೆ.

ನಾನಿರುವುದು ಇಂಗ್ಲೆಂಡಿನಲ್ಲಿ, ಹೋದ ವರ್ಷದ ನನ್ನ ಕಥೆ ಹೇಳುತ್ತೇನೆ. 34ನೇ ದಿನದವರೆಗೆ ಪುಸ್ತಕದಲ್ಲಿ ಚೆನ್ನಾಗಿ ಬರೆದೆ. ಆಮೇಲೆ ಎರಡು ದಿನ ಮಳೆ ಅಂತ ಅಳೆಯಲಿಲ್ಲ. ಮೂರನೇ ದಿನ ಅಳೆದರೆ ಏನೂ ಏರಿಲ್ಲ. ಅಂದೇ ಕೆಳಗೆ ಕೈ ಹಾಕಿ ನೋಡಬೇಕಿತ್ತು. ಮೋಡ ಇತ್ತಲ್ಲ, ಅದಕ್ಕೇ ಅಂದುಕೊಂಡು ಸುಮ್ನೆ ಬಿಟ್ಟೆ. ತೊಟ್ಟಿನ ಹತ್ತಿರ ಬಿರುಕು ಬಿಟ್ಟು ನೀರು ಒಳಗೆ ಇಳಿದಿತ್ತು. ವಾಸನೆ ಬಂದಾಗಲೇ ಗೊತ್ತಾಗಿದ್ದು. ಅವತ್ತು ಅತ್ತೇ ಬಿಟ್ಟೆ. ಒಳಗಿನ ಟೊಳ್ಳಿನವರೆಗೆ ಬಿರುಕು ಹೋದ ಕಾಯಿಯನ್ನು ಸ್ಪರ್ಧೆಯಲ್ಲೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅದಕ್ಕೇ ಹೇಳುವುದು, ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅಳೆಯಿರಿ. ಅಳತೆ ಥಟ್ಟನೆ ನಿಂತರೆ ಅವತ್ತೇ ತೊಟ್ಟು, ತಳ ಎಲ್ಲ ನೋಡಿ. ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದಲ್ಲ, ಕಾಯಿಯ ಅಕ್ಕಪಕ್ಕದ ಗೆಣ್ಣುಗಳ ಬೇರು ಮಾತ್ರ ಕತ್ತರಿಸಿ ಬಳ್ಳಿಯನ್ನು ಸಡಿಲ ಬಿಡಿ. ಕಾಯಿ ಎತ್ತರಕ್ಕೆ ಉಬ್ಬಿದಾಗ ಬಳ್ಳಿ ಅದರ ಜೊತೆ ಏಳದಿದ್ದರೆ ತೊಟ್ಟು ಸೀಳುತ್ತದೆ.

ಇಲ್ಲಿನ ಪ್ಯಾಟನ್ ಅವಳಿ ಸಹೋದರರು 2025ರ ಅಕ್ಟೋಬರಿನಲ್ಲಿ 1,278.8 ಕಿಲೋ ತೂಗಿಸಿ ವಿಶ್ವದಾಖಲೆ ಮಾಡಿದರು. ಅದಕ್ಕೂ ಮುಂಚಿನ ದಾಖಲೆ 2023ರದು, 1,246.9 ಕಿಲೋ, ಅದು ನಿಮ್ಮ ಮಿನ್ನೆಸೋಟದವರದ್ದೇ. ಪ್ಯಾಟನ್ ಸಹೋದರರು ಐವತ್ತು ವರ್ಷ ಇದೇ ಕೆಲಸ ಮಾಡಿದ್ದಾರೆ. ಆ ತಾಳ್ಮೆ ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮಲೆನಾಡ_ಮಳೆ:
ನಾನು ಶಿರಸಿ ಕಡೆಯವಳು. ನಮ್ಮ ಮನೆಯಲ್ಲಿ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಅಂತ ಅಜ್ಜಿ ಬೈಯುತ್ತಿದ್ದರು. ಬೆರಳು ಮಡಚಿ ತೋರಿಸಬೇಕಿತ್ತು! ಪರಾಗ ಸರಿಯಾಗಿ ಕೂಡದ ಹೀಚು ಹಳದಿಯಾಗಿ ಉದುರುತ್ತದೆ ಅಂತ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. ಮಳೆ ಹಿಡಿದ ದಿನಗಳಲ್ಲಿ ಜೇನು ಬರುವುದಿಲ್ಲ, ಹಾಗಾಗಿ ನಾನೂ ಕೈಯಿಂದಲೇ ಸವರುತ್ತೇನೆ. ನಮ್ಮ ಸಿಹಿಗುಂಬಳದ ಜಾತಿಯೇ ಬೇರೆ, ಅಷ್ಟು ದೊಡ್ಡದಾಗುವುದಿಲ್ಲ. ಆದರೂ ಈ ವರ್ಷ ಹೂವಿನ ತಾರೀಖು ಬರೆದು ತೊಟ್ಟಿಗೆ ದಾರ ಕಟ್ಟುತ್ತೇನೆ. ಯಾವಾಗ ಬಲಿಯಿತು ಅಂತ ಉಗುರಿನಿಂದ ಗೀರಿ ನೋಡುವ ಕೆಲಸ ತಪ್ಪುತ್ತದೆ.

ಬಿಸಿಲಿಗೆ ಏನಾದರೂ ಹೊದಿಸುತ್ತೀರಾ?

ಹಿತ್ತಲ_ಬಳ್ಳಿ:
ಹೌದು, ಬಿಳಿ ಚಾದರ. ಸಿಪ್ಪೆ ಬೇಗ ಗಟ್ಟಿಯಾಗಬಾರದು ಅಂತ ಇಲ್ಲಿನವರು ಹೇಳಿದರು. ಫೋನಿನಲ್ಲಿ ನೋಡಿದ ಅಮ್ಮ "ಒಳ್ಳೆಯದಾಯಿತು, ಯಾರ ಕಣ್ಣೂ ಬೀಳುವುದಿಲ್ಲ" ಅಂದರು.

ಇವತ್ತು 24ನೇ ದಿನ. ಉದ್ದದ ಟೇಪು ತಂದೆ. ಸುತ್ತಳತೆ 66, ಉದ್ದಕ್ಕೆ 52, ಅಡ್ಡಕ್ಕೆ 50. ಒಟ್ಟು 168 ಇಂಚು. ಕಾಯಿಯ ಹತ್ತಿರದ ಎರಡು ಗೆಣ್ಣಿನ ಬೇರು ಕತ್ತರಿಸಿದೆ, ತಳಕ್ಕೂ ಕೈ ಹಾಕಿ ನೋಡಿದೆ, ಒಣಗಿದೆ. ಅಕ್ಟೋಬರ್ 10ರ ಹೊತ್ತಿಗೆ 99ನೇ ದಿನ ಆಗುತ್ತದೆ. ನಾಳೆ ಬೆಳಿಗ್ಗೆ ಏಳಕ್ಕೆ ಮತ್ತೆ ಅಳೆದು ಹಾಕುತ್ತೇನೆ.