ಸಹಾಯ ಬೇಕು: ಜಪಾನಿನಲ್ಲಿ ಸಾವಿನ ದರ ಭಾರತಕ್ಕಿಂತ ಜಾಸ್ತಿ?

ಎಲ್ಲರಿಗೂ ನಮಸ್ಕಾರ. ಎಂ.ಎ. ಪ್ರಾಜೆಕ್ಟ್‌ಗೆ ಭಾರತ ಮತ್ತು ಜಪಾನಿನ ಸಾವಿನ ದರ ಹೋಲಿಸುತ್ತಿದ್ದೇನೆ. 2020ರಲ್ಲಿ ಭಾರತದಲ್ಲಿ ಸಾವಿರಕ್ಕೆ 6 ಸಾವು, ಜಪಾನಿನಲ್ಲಿ ಸುಮಾರು 11. ಆದರೆ ಸರಾಸರಿ ಆಯಸ್ಸು ನಮ್ಮದು 70ರ ಆಸುಪಾಸು, ಅವರದು 84. ಮೊದಲು ತಲೆ ಕೆಟ್ಟಿತ್ತು. ಅಲ್ಲಿ 65 ದಾಟಿದವರೇ ನೂರಕ್ಕೆ 29ರ ಹತ್ತಿರ ಇದ್ದಾರೆ, ಅದಕ್ಕೇ ಹೀಗೆ ಅಂತ ಆಮೇಲೆ ಹೊಳೆಯಿತು.

ಹಾಗಾಗಿ ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ಲೆಕ್ಕ ಹಾಕಿದೆ. ಇಲ್ಲೇ ಸಿಕ್ಕಿಹಾಕಿಕೊಂಡಿರುವುದು. ವಿಶ್ವ ಆರೋಗ್ಯ ಸಂಸ್ಥೆಯ ಮಾದರಿ ಜನಸಂಖ್ಯೆ (ಎರಡೂ ದೇಶಗಳಿಗೆ ಒಂದೇ ಅಂತ ಇಟ್ಟುಕೊಳ್ಳುವ ವಯಸ್ಸುವಾರು ಹಂಚಿಕೆ) ಇಟ್ಟರೆ ಎರಡು ದೇಶಗಳ ಅಂತರ ತುಂಬಾ ದೊಡ್ಡದು. ಜಪಾನಿನ ಜನಸಂಖ್ಯೆಯನ್ನೇ ಮಾದರಿ ಮಾಡಿದರೆ ಅನುಪಾತ ಕುಗ್ಗುತ್ತದೆ. ಎಕ್ಸೆಲ್ ಸೂತ್ರ ಮೂರು ಸಲ ನೋಡಿದೆ, ತಪ್ಪಿಲ್ಲ. ಇನ್ನೊಂದು ತಲೆನೋವು: ನಮ್ಮ ಎಸ್‌ಆರ್‌ಎಸ್ (ಸರ್ಕಾರದ ಜನನ-ಮರಣ ಸಮೀಕ್ಷೆ) ಕೋಷ್ಟಕ 85+ ಅಂತ ಒಂದೇ ಗುಂಪಿಗೆ ನಿಲ್ಲುತ್ತದೆ. ಜಪಾನಿನ 85+ನಲ್ಲಿ 95 ದಾಟಿದವರೂ ಜಾಸ್ತಿ, ಅಲ್ವಾ? ಹೋಲಿಕೆ ಅಲ್ಲೇ ಎಡವುತ್ತಿರಬಹುದು ಅಂತ ನನ್ನ ಅನುಮಾನ. ಗೈಡ್ ಅವರನ್ನು ಕೇಳಿದರೆ "ನೀನೇ ಯೋಚಿಸು" ಅಂದರು!

ಜನಸಂಖ್ಯಾ ಅಧ್ಯಯನ ಗೊತ್ತಿರುವವರು ಹೇಳಿ: ವೃದ್ಧರೇ ಹೆಚ್ಚಿರುವ ದೇಶದ ಜೊತೆ ಹೋಲಿಸುವಾಗ ಯಾವ ಮಾದರಿ ಜನಸಂಖ್ಯೆ ಬಳಸಬೇಕು? ಅಥವಾ ಇದೆಲ್ಲ ಬಿಟ್ಟು 65ನೇ ವಯಸ್ಸಿನ ನಂತರದ ನಿರೀಕ್ಷಿತ ಆಯಸ್ಸನ್ನೇ ಹೋಲಿಸಿದರೆ ಸಾಕಾ?