ಗೋಪುರ ಊರಿಂದು, ಎಣಿಕಿ ಯಾರದು?

ಎಣಿಸಿ_ಹೊಲಿ (ಧಾರವಾಡ):
ಗೋಪುರ, ತೇರು, ತುಳಸಿ ವೃಂದಾವನ, ಆನಿ ಅಂಬಾರಿ, ನವಿಲು ಯಾರೊಬ್ಬರ ಆಸ್ತಿ ಅಲ್ಲ, ಒಪ್ಪಿದೆ. ಆದ್ರ ಇವನ್ನ ಕೂಡಿಸಿ ಹೊಸಾ ಕಸೂತಿ ಬಾರ್ಡರ್ ಕಟ್ಟೋರು ಇರ್ತಾರಲ್ಲ? ಎರಡು ವೃಂದಾವನದ ನಡುವ ಎಷ್ಟು ಎಳಿ ಬಿಡೋದು, ನವಿಲಿನ ಮುಖ ಯಾವ ಕಡೆ, ಮೂಲ್ಯಾಗ ಬಾರ್ಡರ್ ತಿರುಗೋವಾಗ ಲೆಕ್ಕ ಹೆಂಗ ಕೂಡಬೇಕು, ಗ್ರಾಫ್ ಹಾಳಿ ಮ್ಯಾಲೆ ಇದಕ್ಕ ದಿನಗಟ್ಟಲೆ ಹೋಗ್ತದ. ಅಂಥಾದ್ದರ ಫೋಟೊ ಹಿಗ್ಗಿಸಿ, ಹೊಲಿಗಿ ಹೊಲಿಗಿ ಎಣಿಸಿ, ಕಂಪ್ಯೂಟರ್ ಎಂಬ್ರಾಯ್ಡರಿ ಫೈಲ್ ಮಾಡಿ ಬ್ಲೌಸಿಗೆ ಹೊಡದ್ರ ಅದು ಸ್ಫೂರ್ತಿ ಅಲ್ಲ, ಕಳವು. ಮ್ಯಾಲೆ "ಕಸೂತಿ" ಅಂತ ಮಾರಿದ್ರ ಎರಡು ಕಳವು.

ಹುಬ್ಬಳ್ಳಿ_ಡಿಜಿಟೈಜರ್:
"ಕಳವು" ಅನ್ನೋಕಿಂತ ಮೊದಲ ಒಂದ್ ಸಲ ಮಷಿನ್ ಮುಂದ ಕುಂದರ್ರಿ ಅಕ್ಕಾರ. ಫೋಟೊ ಕೊಟ್ರ ಫೈಲ್ ತಾನ ಆಗಂಗಿಲ್ಲ. ಆಟೊ ಡಿಜಿಟೈಜ್ ಒತ್ತಿದ್ರ ಮುರಗಿ (ಮೆಟ್ಟಲದಂಗ ಏರೋ ಹೊಲಿಗಿ) ಮೆಟ್ಟಲ ಎಲ್ಲಾ ಸೊಟ್ಟ ಬರ್ತಾವ. ಗ್ರಿಡ್ ಹಾಕ್ಕೊಂಡು, 2 ಮಿ.ಮೀ. ರನ್ನಿಂಗ್ ಹೊಲಿಗಿ ಒಂದೊಂದ ಕೈಲೆ ಇಡಬೇಕು. ಜಂಪ್ (ಹೊಲಿಗಿ ಇಲ್ಲದ ದಾರ ಹಾರೋದು) ಕಡಿಮಿ ಆಗೋ ಹಂಗ ದಾರಿ ಹುಡುಕಬೇಕು. ಅರಿವಿ ಕೆಳಗಿನ ಬ್ಯಾಕಿಂಗ್ ಪೇಪರ್ ಸರಿ ಇರಲಿಲ್ಲಂದ್ರ ಫ್ರೇಮ್ ಬಿಚ್ಚಿದ ಕೂಡ್ಲೆ ಅರಿವಿ ಸುಕ್ಕ ಹಿಡಿತೈತಿ. ಇದೂ ಕಷ್ಟದ ಕೆಲಸನ. ಗೋಪುರ ಅಂತೂ ಊರಾಗಿನ ಎಲ್ಲಾ ಅಜ್ಜಿ ಸೀರಿ ಮ್ಯಾಲೂ ಐತಿ.

ಚಂದ್ರಕಾಳಿ_ಸೆರಗು:
"ಕಷ್ಟದ ಕೆಲಸ" ಅಂತ! ಗ್ವಾಡಿಗೆ ಕನ್ನ ಹಾಕೋದೂ ಕಷ್ಟದ ಕೆಲಸನ. ಕಸೂತಿ ಅಂದ್ರ ಮುಂದೂ ಹಿಂದೂ ಒಂದ ನಮೂನಿ, ಗಂಟಿಲ್ಲ. ನಿಮ್ಮ ಬ್ಲೌಸ್ ತಿರುವಿ ನೋಡ್ರಿ: ಬಿಳಿ ಬಾಬಿನ್ ದಾರ, ಹರದ ಪೇಪರ್ ಚೂರು.

ಬೆಟಗೇರಿ_ಮಗ್ಗ:
"ಮುಂದೂ ಹಿಂದೂ ಒಂದ" ಅನ್ನೋದು ಕಸೂತಿಯ ನಾಕು ಹೊಲಿಗ್ಯಾಗ ಗವಂತಿ (ಗೀಟಿನ ಹೊಲಿಗಿ), ಮುರಗಿಗೆ ಅಷ್ಟ ಖರೆ. ನೇಯ್ಗಿ ಹೊಲಿಗಿ ಹಾಕಿದ್ರ ಹಿಂದ ಉಲ್ಟಾ ಬೀಳ್ತೈತಿ, ಮುಂದ ದಾರ ಇದ್ದಲ್ಲಿ ಹಿಂದ ಖಾಲಿ. ಮೆಂತಿ ಅಂತೂ ಕ್ರಾಸ್ ಹೊಲಿಗಿ, ಮುಂದ ಗುಣಾಕಾರದ ಗುರುತು, ಹಿಂದ ಬರೇ ಗೀಟು. ಅರ್ಧಾ ತಿಳಕೊಂಡು ತೀರ್ಪು ಕೊಡಬಾರದ್ರಿ.

ಚಂದ್ರಕಾಳಿ_ಸೆರಗು:
ಅರ್ಧಾ ತಿಳದವರು ನೀವು. ಮೆಂತಿನೂ ಎರಡೂ ಕಡೆ ಒಂದ ಬರೋ ಹಂಗ ಹಾಕಬಹುದು. ಸಾಲಿನ ತುದಿಗೆ ಅರ್ಧರ್ಧ ಹೊಲಿಗಿ ಸೇರಿಸಿ, ನಾಕು ಸಲ ಓಡಾಡಬೇಕು ಅಷ್ಟ. ಬೇಕಂದ್ರ ಫೋಟೊ ಹಾಕ್ತೀನಿ.

ಬೆಟಗೇರಿ_ಮಗ್ಗ:
"ಹಾಕಬಹುದು" ಬ್ಯಾರೆ, "ಹಾಕ್ತಾರ" ಬ್ಯಾರೆ. ನಾಕು ಸಲ ಓಡಾಡಿದ್ರ ದಾರ ಎಷ್ಟು ಹೋತು? ಅರಿವಿ ತಟ್ಟಿನಂಗ ಬಿರುಸಾಗ್ತೈತಿ. ಸೀರಿ ಸೆರಗಿನಾಗ ಅದನ್ನ ಯಾರು ಹಾಕ್ಯಾರ, ಹೇಳ್ರಿ ನೋಡೂಣು. ಹಾಕ್ರಿ ಫೋಟೊ.

ಹುಬ್ಬಳ್ಳಿ_ಡಿಜಿಟೈಜರ್:
ಅಂದ್ರ ತಿರುವಿ ನೋಡೋ ಪರೀಕ್ಷಾ ಬಿದ್ದ ಹೋತು. ಬಾಬಿನ್ನಿಗೂ ಅದ ಬಣ್ಣದ ದಾರ ಸುತ್ತಿ, ನೀರಾಗ ಕರಗೋ ಬ್ಯಾಕಿಂಗ್ ಹಾಕಿದ್ರ ಎರಡೂ ಕಡೆ ಹತ್ತತ್ರ ಒಂದ ಕಾಣ್ತೈತಿ.

ಎಣಿಸಿ_ಹೊಲಿ:
"ಹತ್ತತ್ರ"! ಶುರುವಿಗೆ, ಕೊನಿಗೆ ಮಷಿನ್ ಹಾಕೋ ಲಾಕ್ ಹೊಲಿಗಿ ಎಲ್ಲಿ ಮುಚ್ಚಿಡ್ತೀರಿ? ಗವಂತಿಯೊಳಗ ಹೋಗೋವಾಗ ಒಂದು ಬಿಟ್ಟು ಒಂದು, ಬರೋವಾಗ ಬಿಟ್ಟದ್ದು ತುಂಬ್ಕೋತ ಬರೋದು. ತುದಿ ದಾರ ಆ ಹೊಲಿಗಿ ಕೆಳಗ ಅಡಗ್ತದ. ಟಿಸಿಲು ಒಡೆಯೋ ದಾರಿ ಮೊದಲ ವಿಚಾರ ಮಾಡಿರಲಿಲ್ಲಂದ್ರ ಹಿಂದ ಓರೆ ದಾರ ಹಾಯ್ತದ, ಪೂರಾ ಬಿಚ್ಚಬೇಕು. ಮಷಿನ್ ಎಳಿ ಎಣಸಂಗಿಲ್ಲ, ಮಿಲಿಮೀಟರ್ ಅಳೀತದ. ಹಾಸಿನ ಎಳಿ, ಹೊಕ್ಕಿನ ಎಳಿ ಇಂಚಿಗೆ ಒಂದ ಲೆಕ್ಕ ಇರದಿದ್ರ ಕೈ ಕಸೂತ್ಯಾಗ ಗೋಪುರ ಒಂಚೂರು ಉದ್ದ ಇಲ್ಲಾ ಗಿಡ್ಡ ಬರ್ತದ. ಮಷಿನ್ನಿನದು ಅಚ್ಚು ಹೊಡದಂಗ.
ಅದಿರ್ಲಿ, ನಾ ಕೇಳಿದ್ದು ಬಾರ್ಡರಿನ ಎಣಿಕಿ ಬಗ್ಗೆ. ಮೆಂತಿ ಬಗ್ಗೆ ಅಲ್ಲ.

ಸೆಕ್ಷನ್_15:
ಎಣಿಕೆಗೆ ಕಾನೂನಿನಲ್ಲೇ ಉತ್ತರವಿದೆ. ವಿನ್ಯಾಸ ಕಾಯ್ದೆ 2000ರಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಕೃತಿಸ್ವಾಮ್ಯ ಮುಗಿಯಿತು: ಕೃತಿಸ್ವಾಮ್ಯ ಕಾಯ್ದೆ 1957, ಸೆಕ್ಷನ್ 15(2). ದೆಹಲಿ ಹೈಕೋರ್ಟ್ 2016ರಲ್ಲಿ ಉಡುಪು ಕಂಪನಿಗಳ ರಿತಿಕಾ–ಬಿಬಾ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ನೋಂದಾಯಿಸಿದ್ದರೆ 10 ವರ್ಷ, ಮುಂದೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತಿತ್ತು. ಅರ್ಜಿಗೆ ಮುಂಚೆಯೇ ಇನ್‌ಸ್ಟಾಗ್ರಾಮಿಗೆ ಹಾಕಿದರೆ ಹೊಸತನವೂ ಹೋಯಿತು.

ಹುಬ್ಬಳ್ಳಿ_ಡಿಜಿಟೈಜರ್:
"ಮುಗಿಯಿತು." ಕೇಳಿದ್ರೇನ್ರಿ ಎಲ್ಲಾರೂ? 51ನೇ ಬ್ಲೌಸಿಗೆ ಡಿಸೈನ್ ಬಿಡುಗಡಿ.

ಎಣಿಸಿ_ಹೊಲಿ:
ಆ 50ರ ಲೆಕ್ಕ ಹಕ್ಕಿನವರು, ಇಲ್ಲಾ ಅವರ ಪರವಾನಗಿ ತಗೊಂಡವರು ಮಾಡಿದ್ದಕ್ಕ. ಕದ್ದವರು ಸಾವಿರ ಹೊಲಿದ್ರೂ ಎಣಿಕಿಗೆ ಬರಂಗಿಲ್ಲ. ವಕೀಲ ಸಾಹೇಬ್ರು ಆ ಸಾಲು ನುಂಗಿದ್ರು. ಅದ ದೆಹಲಿ ಹೈಕೋರ್ಟು 2008ರಾಗ ಫ್ಯಾಷನ್ ಡಿಸೈನರ್ ತಾಹಿಲಿಯಾನಿ ಪ್ರಕರಣದಾಗ ವಿನ್ಯಾಸ ಮಾಡಿದವರ ಪರ ನಿಂತದ್ದೂ ನುಂಗಿದ್ರು. ಅಲ್ಲಿ 50 ದಾಟಿರಲಿಲ್ಲ. ಕೈಲೆ ಹಾಕೋ ಕಸೂತಿ ಯಾವಾಗ 50 ದಾಟಬೇಕು?

ಸೆಕ್ಷನ್_15:
ನುಂಗಿಲ್ಲ. ಮತ್ತು "ಕದ್ದವರು" ಎಂಬ ಪದವನ್ನು ನ್ಯಾಯಾಲಯ ಹೇಳುವ ತನಕ ಬಳಸಬೇಡಿ.

ಚಂದ್ರಕಾಳಿ_ಸೆರಗು:
ಪದದ ಮಾತು ಬಂತಲ್ಲ, ಕಸೂತಿಗೆ ಜಿಐ (ಭೌಗೋಳಿಕ ಗುರುತು) ಅದ. ಮಷಿನ್ ಮಾಲಿಗೆ ಆ ಹೆಸರು ಹಚ್ಚಂಗಿಲ್ಲ. ಮುಗೀತು.

ಸೆಕ್ಷನ್_15:
ಜಿಐ ಕಾಯುವುದು ಹೆಸರನ್ನು, ಚಿತ್ರವನ್ನಲ್ಲ. ನವಿಲಿಗೆ ಜಿಐ ಇಲ್ಲ.

ಬೆಟಗೇರಿ_ಮಗ್ಗ:
ಹೆಸರಿನ ಜಿಐ ಇಳಕಲ್ ಸೀರಿಗೂ ಐತಿ. ಒಡಲಿನ ಹಾಸು, ಸೆರಗಿನ ಹಾಸು ಕುಣಿಕಿ ಹಾಕಿ ಕೂಡಿಸೋ ಕೆಲಸ ಒಂದೂ ಇಲ್ಲದ, ಬರೇ ಕೆಂಪು ಸೆರಗು ಪ್ರಿಂಟ್ ಹೊಡದು "ಇಳಕಲ್" ಅಂತ ಮಾರ್ತಾರ. ಯಾರು ತಡದ್ರು?

ಎಣಿಸಿ_ಹೊಲಿ:
ನಕಲು ಹಿಡಿಯೋಕ ಸರಳ ದಾರಿ ಹೇಳ್ತೀನಿ. ಕೈಲೆ ಕಟ್ಟಿದ ಬಾರ್ಡರಿನಾಗ ಎಲ್ಲೋ ಒಂದ್ಕಡೆ ಲೆಕ್ಕ ತಪ್ಪಿರ್ತದ. ನವಿಲಿನ ಬಾಲದಾಗ ಎಡಕ್ಕ 7 ಮೆಟ್ಟಲ, ಬಲಕ್ಕ 6. ಮಷಿನ್ ಬ್ಲೌಸಿನಾಗೂ ಅದ 7, ಅದ 6 ಬಂದ್ರ, ಅದು ಅಜ್ಜಿ ಸೀರಿಯಿಂದ ಬಂದ ಸ್ಫೂರ್ತಿ ಅಲ್ಲ.

ಹುಬ್ಬಳ್ಳಿ_ಡಿಜಿಟೈಜರ್:
"ಲೆಕ್ಕ ತಪ್ಪಿರ್ತದ" ಅಂತ ನೀವ ಒಪ್ಪಿದ್ರಿ. ನಾವು 7–7 ಮಾಡಿ ತಿದ್ದಿದ್ರ ಡಿಸೈನ್ ನಮ್ಮದಾತಲ್ಲ? ನೂರಕ್ಕ 30 ಬದಲಾದ್ರ ಸಾಕು ಅಂತಾರ.

ಸೆಕ್ಷನ್_15:
ಅಂಥ ಶೇಕಡಾ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ಸುಪ್ರೀಂ ಕೋರ್ಟಿನ 1978ರ ಆರ್.ಜಿ. ಆನಂದ್ ತೀರ್ಪಿನ ಅಳತೆ ಬೇರೆ: ಎರಡನ್ನೂ ನೋಡಿದವರಿಗೆ ಇದು ಅದರದ್ದೇ ನಕಲು ಎಂದು ನಿಸ್ಸಂದೇಹವಾಗಿ ಅನಿಸಬೇಕು. ಇಷ್ಟು ಹೇಳಿದೆ ಎಂದರೆ ಎಣಿಸಿ_ಹೊಲಿಯವರ ಪಕ್ಷಕ್ಕೆ ಬಂದೆ ಎಂದಲ್ಲ.

ಹುಬ್ಬಳ್ಳಿ_ಡಿಜಿಟೈಜರ್:
"ನೋಡಿದವರಿಗೆ" ಅಂದ್ರಲ್ಲ ಸಾಹೇಬ್ರ, ನೋಡೋ ಗಿರಾಕಿಗೆ ಬಣ್ಣ ಬ್ಯಾರೆ ಇದ್ರ ಡಿಸೈನನ ಬ್ಯಾರೆ.

ಬೆಟಗೇರಿ_ಮಗ್ಗ:
ಅವೆಲ್ಲ ಇರ್ಲಿ. ನಾಕು ಸಲ ಓಡಾಡೋ ಮೆಂತಿ ಫೋಟೊ ಹಾಕ್ತೀನಿ ಅಂದವರು ಎಲ್ಲಿ ಹೋದ್ರು?

ಚಂದ್ರಕಾಳಿ_ಸೆರಗು:
ಹಾಕಂಗಿಲ್ಲ. ಡಿಜಿಟೈಜರ್ ಅಣ್ಣಾರು ಇಲ್ಲೇ ಕುಂತಾರ.