ಸಹಾಯ ಬೇಕು: ಸಣ್ಣ ಬಾಡಿ, ತುಂಬು ದನಿಯ ಅಕೌಸ್ಟಿಕ್ ಗಿಟಾರ್

ನಮಸ್ಕಾರ, ಬೆಳಗಾವಿ ಟಿಳಕವಾಡಿಯಿಂದ ಬರೆಯುತ್ತಿದ್ದೇನೆ. ನನ್ನದು ಡ್ರೆಡ್‌ನಾಟ್, ಅಂದರೆ ದೊಡ್ಡ ಬಾಡಿಯ ಗಿಟಾರ್. ತೊಡೆ ಮೇಲಿಟ್ಟು ಕೂತರೆ ಬಲಭುಜ ಮೇಲಕ್ಕೆ ಏಳುತ್ತದೆ, ಸ್ವಲ್ಪ ಹೊತ್ತಿಗೇ ಬಾಡಿಯ ಅಂಚು ಒತ್ತಿ ಮುಂಗೈ ಮೇಲೆ ಕೆಂಪು ಗೆರೆ ಮೂಡುತ್ತದೆ. ಆದರೆ ಅದರ ತುಂಬು ದನಿ ಬಿಡೋಕೆ ಮನಸ್ಸಿಲ್ಲ. ತೀರಾ ಸಣ್ಣ ಪಾರ್ಲರ್ ಸೈಜ್ ಬೇಡ, ಅದರಲ್ಲಿ ಕೆಳಸ್ವರ ತೆಳು ಅನಿಸುತ್ತದೆ. ಇವೆರಡರ ನಡುವಿನ ಓಎಂ (ಆರ್ಕೆಸ್ಟ್ರಾ ಮಾಡೆಲ್) ಅಥವಾ ಕನ್ಸರ್ಟ್ ಸೈಜ್, ಸಾಲಿಡ್ ಸ್ಪ್ರೂಸ್ ಟಾಪ್ (ಪದರಗಳಿಲ್ಲದ ಸ್ಪ್ರೂಸ್ ಮರದ ಮೇಲ್ಹಲಗೆ) ಇರಲೇಬೇಕು, ಪ್ಲೈವುಡ್ ಟಾಪ್ ಅಷ್ಟು ಬಿಚ್ಚಿ ಹಾಡಲ್ಲ ಅಲ್ವಾ.

ಯಮಹಾ ಎಫ್‌ಎಸ್800 ಮೇಲೆ ಕಣ್ಣಿದೆ: ಸ್ಕೇಲ್ (ತಂತಿ ಮಿಡಿಯುವ ಉದ್ದ) 634 ಮಿ.ಮೀ., ಅದೇ ಕಂಪನಿಯ ಡ್ರೆಡ್‌ನಾಟ್ ಎಫ್‌ಜಿ800ದ್ದು 650, ಹಾಗಾಗಿ ಎಡಗೈ ಬೆರಳಿಗೂ ಆರಾಮ. ಬಳಸಿದವರು ಹೇಳಿ, ಜೋರಾಗಿ ಸ್ಟ್ರಮ್ ಮಾಡಿದಾಗ ಆರನೇ ತಂತಿ ತುಂಬಿ ಬರುತ್ತಾ? ಸುಮ್ನೆ ಆನ್‌ಲೈನ್ ತರಿಸೋಕೆ ಇಷ್ಟವಿಲ್ಲ. ಬೆಳಗಾವಿ ಇಲ್ಲವೇ ಹುಬ್ಬಳ್ಳಿಯಲ್ಲಿ ನುಡಿಸಿ ನೋಡೋಕೆ ಬಿಡುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.